ಮನೆಯಲ್ಲಿಟ್ಟ ಬೀಜ ಯಾಕೆ ಕೈಕೊಟ್ಟಿತು? ಹತ್ತಿ ಹೊಲದಲ್ಲಿ ಸಿಕ್ಕ ಜೀವವಿಕಾಸದ ಪಾಠ

ನಾನಾಗ ಎರಡನೇ ಕ್ಲಾಸು. ನಮ್ಮೂರು ಸಿರಿಗೇರಿ, ಬಳ್ಳಾರಿ ಜಿಲ್ಲೆ. ಆ ವರ್ಷ ಹತ್ತಿ ಹೊಲ ನೋಡಿ ಅಪ್ಪ ಬದುವಿನ ಮೇಲೆ ಸುಮ್ಮನೆ ಕೂತುಬಿಟ್ಟಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂಗಿದೆ. ಹಿಂದಿನ ವರ್ಷ ಅದೇ ಹೊಲದಲ್ಲಿ ಡಿಸಿಎಚ್-32 ಹಾಕಿದ್ವಿ. ಬೆಳೆ ಚೆನ್ನಾಗಿ ಬಂದಿತ್ತು. ಪ್ರತಿ ವರ್ಷ ಪ್ಯಾಕೆಟ್ಟಿಗೆ ದುಡ್ಡು ಸುರಿಯೋದ್ಯಾಕೆ ಅಂತ ಅಪ್ಪ ಆ ಬೆಳೆಯ ಬೀಜವನ್ನೇ ಇಟ್ಟುಕೊಂಡು ಬಿತ್ತಿದ್ರು. ಜೋಳದ ಬೀಜ ಹಂಗೇ ಇಟ್ಟುಕೊಳ್ತಿದ್ವಲ್ಲ, ಕಡಲೆ ಹಂಗೇ ಇಟ್ಟುಕೊಳ್ತಿದ್ವಲ್ಲ.

ಹುಟ್ಟೋದೇನೋ ಹುಟ್ಟಿತು. ಆದ್ರೆ ಒಂದು ಗಿಡ ಇದ್ದಂಗೆ ಇನ್ನೊಂದಿಲ್ಲ. ಒಂದು ಆಳೆತ್ತರ ಬೆಳೆದು ಬರೀ ಎಲೆ. ಪಕ್ಕದ್ದು ಮೊಣಕಾಲಿಗೂ ಬರಲಿಲ್ಲ. ಒಂದು ಬೇಗ ಹೂ ಬಿಟ್ಟು ಕಾಯಿ ಕಟ್ಟದೆ ಉದುರಿಸಿತು, ಇನ್ನೊಂದಕ್ಕೆ ಸಂಕ್ರಾಂತಿ ಬಂದ್ರೂ ಹೂವಿನ ಸುದ್ದಿಯೇ ಇಲ್ಲ. "ಬೀಜದೊಳಗೆ ಏನೋ ಇಟ್ಟಾರೆ ಬಿಡಪ್ಪ, ತಿರುಗಿ ಬಿತ್ತಿದ್ರೆ ಸಾಯ್ಬೇಕು ಅಂತ" ಅಂದ್ರು ಊರಿನವರು. ಅಪ್ಪ ಅದನ್ನೇ ನಂಬಿದ್ರು. ನಾನೂ ನಂಬಿದ್ದೆ, ಹೋದ ತಿಂಗಳವರೆಗೆ.

ಹೋದ ತಿಂಗಳು ಚಿಕ್ಕಪ್ಪನ ಮಗಳು ಬಂದಿದ್ದಳು. ಬಳ್ಳಾರಿಯಲ್ಲಿ ಬಿಎಸ್ಸಿ ಎರಡನೇ ವರ್ಷ. ಇಂಟರ್ನಲ್ ಪರೀಕ್ಷೆಗೆ ಓದ್ತಾ ಇದ್ದಳು. "ಅಣ್ಣ, ಸುಮ್ನೆ ಪ್ರಶ್ನೆ ಕೇಳ್ತಾ ಹೋಗು, ನಾನು ಹೇಳ್ತೀನಿ" ಅಂತ ನೋಟ್ಸು ಕೈಗೆ ಕೊಟ್ಟಳು. ಪಾಠದ ಹೆಸರು ಪ್ರಭೇದೀಕರಣ, ಅಂದ್ರೆ ಒಂದು ಜೀವಿಯ ಪ್ರಭೇದದಿಂದ ಇನ್ನೊಂದು ಪ್ರಭೇದ ಹುಟ್ಟೋದು ಹೇಗೆ ಅನ್ನೋದು. ನಾನು ಬಿಕಾಂ. ಡೆಬಿಟ್, ಕ್ರೆಡಿಟ್ ಬಿಟ್ರೆ ನನಗೆ ಗೊತ್ತಿರೋ ಜೀವಶಾಸ್ತ್ರ ಹತ್ತನೇ ಕ್ಲಾಸಿಗೇ ಮುಗೀತು. ಅವಳು ಗ್ಯಾಲಪಗೋಸ್ ದ್ವೀಪದ ಫಿಂಚ್ ಹಕ್ಕಿಗಳ ಕಥೆ ಗಡಗಡ ಹೇಳಿದಳು. ಕೊಕ್ಕಿನ ಅಳತೆ, ದ್ವೀಪಗಳ ಹೆಸರು ಎಲ್ಲ ಬಾಯಿಪಾಠ. ಕೊನೆಗೆ ನೋಟ್ಸಲ್ಲಿ ಒಂದು ಸಾಲು: ಎರಡು ಪ್ರಭೇದಗಳ ನಡುವಿನ ಮಿಶ್ರತಳಿ ಮೊದಲ ಪೀಳಿಗೆಯಲ್ಲಿ ಗಟ್ಟಿಯಾಗಿದ್ದು ಎರಡನೇ ಪೀಳಿಗೆಯಲ್ಲಿ ಕುಸಿಯಬಹುದು. ಉದಾಹರಣೆ: ಹತ್ತಿ.

ನಾನು ಅಲ್ಲೇ ನಿಂತೆ. "ಇದು ಯಾವ ಹತ್ತಿ?" ಅಂದೆ. ಅವಳಿಗೆ ಗೊತ್ತಿಲ್ಲ. ಮೂರು ಕಿಲೋಮೀಟರ್ ದೂರದಲ್ಲಿ ಅವಳಪ್ಪ ಹತ್ತಿ ಬಿಡಿಸ್ತಿದ್ದಾರೆ, ಅವಳಿಗೆ ಫಿಂಚ್ ಹಕ್ಕಿ ಗೊತ್ತು!

ಹಂಗಾಗಿ ಈ ಎಪಿಸೋಡು. ಇದು ನಮ್ಮ ಕಡೆಯ ಹತ್ತಿಯ ಚರಿತ್ರೆ. ಜೊತೆಗೆ ಪ್ರಭೇದ ಅಂದ್ರೇನು ಅನ್ನೋ ಪ್ರಶ್ನೆಯ ಚರಿತ್ರೆ ಕೂಡ. ಎರಡೂ ಒಂದೇ ಹೊಲದಲ್ಲಿ ನಡೆದಿವೆ.

ಮೊದಲು ಒಂದು ಪದ ಸರಿಮಾಡಿಕೊಳ್ಳೋಣ. ನಾವು ಎಲ್ಲದಕ್ಕೂ ತಳಿ ಅಂತೀವಿ. ಸೋನಾ ಮಸೂರಿ ಒಂದು ತಳಿ, ಇನ್ನೊಂದು ಭತ್ತ ಇನ್ನೊಂದು ತಳಿ. ಆದ್ರೆ ಎರಡೂ ಒಂದೇ ಪ್ರಭೇದ, ಕೂಡಿಸಿದರೆ ಮಕ್ಕಳು ಮೊಮ್ಮಕ್ಕಳು ಸಲೀಸಾಗಿ ಆಗ್ತವೆ. ಹತ್ತಿ ಹಂಗಲ್ಲ. ಲೋಕದಲ್ಲಿ ಜನ ಬೆಳೆಯೋ ಹತ್ತಿ ನಾಲ್ಕು ಬೇರೆ ಬೇರೆ ಪ್ರಭೇದ. ನಮ್ಮ ಹಳೇ ಲೋಕದವು ಎರಡು: ಹರ್ಬೇಸಿಯಂ ಮತ್ತು ಆರ್ಬೋರಿಯಂ. ಇವೇ ಜವಾರಿ. ಅಮೆರಿಕ ಖಂಡದವು ಎರಡು: ಹಿರ್ಸುಟಮ್ ಮತ್ತು ಬಾರ್ಬಡೆನ್ಸ್. ನಾಲ್ಕನ್ನೂ ನಾವು ಹತ್ತಿ ಅಂತೀವಿ, ಯಾಕಂದ್ರೆ ನಾವು ನೋಡೋದು ಅರಳೆ. ಗಿಡ ನೋಡಿಕೊಳ್ಳೋದು ಬೇರೆ ಲೆಕ್ಕ.

ಬ್ರಿಟಿಷರ ಕಾಲದಲ್ಲಿ ಬಳ್ಳಾರಿ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಮದ್ರಾಸಿನ ಹತ್ತಿ ವ್ಯಾಪಾರಿಗಳು ನಮ್ಮ ಕಡೆಯ ಹತ್ತಿಗೆ 'ವೆಸ್ಟರ್ನ್ಸ್' ಅಂತಿದ್ರು. ಅವರ ಕಡೆಯಿಂದ ನೋಡಿದ್ರೆ ನಾವು ಪಶ್ಚಿಮ, ಅಷ್ಟೇ. ಪಕ್ಕದ ಧಾರವಾಡ ಬಾಂಬೆ ಪ್ರೆಸಿಡೆನ್ಸಿ. ಅಲ್ಲಿನ ಹತ್ತಿ ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದರಿಂದ ಅದರ ಹೆಸರು 'ಕುಮಟಾ'. ಎರಡೂ ಹರ್ಬೇಸಿಯಂ, ಕಪ್ಪುನೆಲದ ಜವಾರಿ. ಮಳೆ ಕೈಕೊಟ್ರೂ ತಡ್ಕೊಳ್ಳುತ್ತೆ, ಆದ್ರೆ ಎಳೆ ಗಿಡ್ಡ.

ಈ ಗಿಡ್ಡ ಎಳೆಯೇ ಮ್ಯಾಂಚೆಸ್ಟರಿನವರ ತಲೆನೋವು. ಅವರ ಯಂತ್ರಕ್ಕೆ ಅಮೆರಿಕದ ಉದ್ದ ಎಳೆ ಬೇಕು. ಅಮೆರಿಕವನ್ನೇ ನಂಬಿ ಕೂರೋಕೆ ಭಯ. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಹತ್ತು ಜನ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಭಾರತಕ್ಕೆ ಕರೆತಂದಿತು. ಬೀಜ, ಗರಗಸದ ಜಿನ್ನು ಎಲ್ಲ ಜೊತೆಗೇ ಬಂತು. ಮದ್ರಾಸ್ ಕಡೆ ಕೊಯಮತ್ತೂರಿನಲ್ಲಿ 1842ರಿಂದ ಸಸ್ಯವಿಜ್ಞಾನಿ ರಾಬರ್ಟ್ ವೈಟ್ ಈ ಪ್ರಯೋಗ ನೋಡಿಕೊಂಡರು. ಬಹಳ ಕಡೆ ಸೋತಿತು. ಚೆನ್ನಾಗಿ ನೆಲೆ ನಿಂತಿದ್ದು ಧಾರವಾಡ ಸೀಮೆಯಲ್ಲಿ. ಹುಬ್ಬಳ್ಳಿ ಹತ್ತಿರ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಮಾಡಿದ್ರು, ಮರ್ಸರ್ ಅನ್ನೋ ಅಮೆರಿಕನ್ ಅದನ್ನ ನೋಡಿಕೊಂಡ. ನ್ಯೂ ಆರ್ಲಿಯನ್ಸ್ ಬೀಜ ಹುಬ್ಬಳ್ಳಿ, ಗದಗದ ನೆಲಕ್ಕೆ ಹಿಡಿಸಿತು. ವ್ಯಾಪಾರದ ಹೆಸರು 'ಧಾರವಾರ್-ಅಮೆರಿಕನ್', ರೈತರ ಬಾಯಲ್ಲಿ ವಿಲಾಯತಿ ಹತ್ತಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಹಡಗುಗಳು ನಿಂತಾಗ ಈ ಹತ್ತಿಗೆ ಬಂಗಾರದ ಬೆಲೆ ಬಂತು.

ಬೆಲೆ ಬಂದ ಮೇಲೆ ಕಲಬೆರಕೆ ಬಾರದೆ ಇರುತ್ತಾ? ವಿಲಾಯತಿ ಜೊತೆ ಜವಾರಿ ಸೇರಿಸಿ ವಿಲಾಯತಿ ಬೆಲೆಗೆ ಮಾರೋದು. ಅರಳೆಯಲ್ಲೂ ಬೆರಕೆ, ಜಿನ್ನಿನಲ್ಲಿ ಬೀಜದಲ್ಲೂ ಬೆರಕೆ, ಹಂಗಾಗಿ ಮರುವರ್ಷ ಹೊಲದಲ್ಲೂ ಬೆರಕೆ. ಬಾಂಬೆ ಸರ್ಕಾರ 1863ರಲ್ಲಿ ಹತ್ತಿ ಮೋಸದ ವಿರುದ್ಧ ಒಂದು ಕಾನೂನನ್ನೇ ತಂದಿತು.

ಇಲ್ಲಿ ಒಂದು ವಿಷಯ ಗಮನಿಸಿ. ನನಗೆ ಈ ಇಡೀ ಕಥೆಯಲ್ಲಿ ರೋಮಾಂಚನ ಆಗಿದ್ದು ಇಲ್ಲೇ. ವ್ಯಾಪಾರಿಗಳು ಬೆರಕೆ ಬೆರಕೆ ಅಂತ ಬೊಬ್ಬೆ ಹೊಡೀತಿದ್ರು. ಹೊಲದಲ್ಲಿ ಎರಡೂ ಗಿಡ ಅಕ್ಕಪಕ್ಕ ನಿಂತಿದ್ವು, ಒಂದೇ ದುಂಬಿ ಎರಡರ ಹೂವಿಗೂ ಹೋಗ್ತಿತ್ತು. ದಶಕಗಳ ಕಾಲ ಹಿಂಗೇ. ಎರಡೂ ಒಂದೇ ಪ್ರಭೇದ ಆಗಿದ್ರೆ ಇಷ್ಟರಲ್ಲಿ ಕರಗಿ ನಡುವಿನ ಯಾವುದೋ ಒಂದು ಹತ್ತಿ ಆಗಿಬಿಡಬೇಕಿತ್ತು. ಆಗಲಿಲ್ಲ. ಇಪ್ಪತ್ತನೇ ಶತಮಾನದಲ್ಲಿ ತಳಿ ತಜ್ಞರು ಹೊಲಕ್ಕಿಳಿದಾಗ ಕುಮಟಾ ಗಿಡ ಕುಮಟಾ ಆಗೇ ಇತ್ತು, ಅಮೆರಿಕನ್ ಗಿಡ ಅಮೆರಿಕನ್ ಆಗೇ ಇತ್ತು. ಎರಡನ್ನೂ ಬೇರೆ ಬೇರೆ ಆರಿಸಿ ಬೇರೆ ಬೇರೆ ಸುಧಾರಿಸಿದರು. ಧಾರವಾಡದಲ್ಲಿ ಜಿ. ಎಲ್. ಕೊಟ್ಟೂರ ಕುಮಟಾ ಹತ್ತಿಯ ಮೇಲೆ ಕೆಲಸ ಮಾಡಿದ್ರು. ಗದಗದ ಕಡೆಯ ಅಮೆರಿಕನ್ ಹತ್ತಿಯಿಂದ 'ಗದಗ-1' ಬಂತು. ನಮ್ಮ ಬಳ್ಳಾರಿ ಪಕ್ಕದ ಹಗರಿ ಕೃಷಿ ಕೇಂದ್ರದಲ್ಲಿ ವೆಸ್ಟರ್ನ್ಸ್ ಜವಾರಿಯಿಂದ 'ಹಗರಿ-1' ಆರಿಸಿದರು. ಅರಳೆ ಬೆರೀತು, ಬೀಜ ಬೆರೀತು, ರಕ್ತ ಬೆರೀಲಿಲ್ಲ ಅನ್ನಿ. ಪ್ರಭೇದ ಅಂದ್ರೇನು ಅಂತ ಕ್ಲಾಸಿನಲ್ಲಿ ಹೇಳಿಕೊಡೋಕೆ ಇದಕ್ಕಿಂತ ದೊಡ್ಡ ಪ್ರಯೋಗ ಬೇಕಾ? ಬೇಲಿ ಇರಲಿಲ್ಲ, ಸಮುದ್ರ ಇರಲಿಲ್ಲ, ನಡುವೆ ಒಂದು ಗೇಣು ಕಪ್ಪುಮಣ್ಣು.

ಯಾಕೆ ಬೆರೀಲಿಲ್ಲ ಅನ್ನೋದಕ್ಕೆ ಉತ್ತರ ಸಿಕ್ಕಿದ್ದು 1920ರ ದಶಕದಲ್ಲಿ, ಸೂಕ್ಷ್ಮದರ್ಶಕದಲ್ಲಿ ಕ್ರೋಮೋಸೋಮ್ ಎಣಿಸಿದಾಗ. ಕ್ರೋಮೋಸೋಮ್ ಅಂದ್ರೆ ಜೀನ್‌ಗಳನ್ನು ಹೊತ್ತ ದಾರದ ತುಂಡುಗಳು ಅಂತ ಇಟ್ಟುಕೊಳ್ಳಿ. ಜವಾರಿ ಹತ್ತಿಯ ಪ್ರತಿ ಜೀವಕೋಶದಲ್ಲಿ 26, ಅಂದ್ರೆ 13 ಜೋಡಿ. ಅಮೆರಿಕದ ಹತ್ತಿಯಲ್ಲಿ 52, ಅಂದ್ರೆ 26 ಜೋಡಿ. ಎರಡನ್ನೂ ಕಷ್ಟಪಟ್ಟು ಕೂಡಿಸಿದ್ರೆ ಮಗುವಿಗೆ ಅಪ್ಪನಿಂದ 13, ಅಮ್ಮನಿಂದ 26, ಒಟ್ಟು 39. ಬದುಕೋಕೆ ತೊಂದರೆ ಇಲ್ಲ, ಗಿಡ ಬೆಳೆಯುತ್ತೆ. ತೊಂದರೆ ಬರೋದು ಅದು ಪರಾಗ ಮಾಡೋಕೆ ಹೊರಟಾಗ. ಆಗ ಕ್ರೋಮೋಸೋಮ್‌ಗಳು ಜೋಡಿ ಹುಡುಕಿ ನಿಂತು, ಆಮೇಲೆ ಸಮನಾಗಿ ಎರಡು ಪಾಲಾಗಬೇಕು. 13ಕ್ಕೆ ಜೋಡಿ ಸಿಗುತ್ತೆ, ಇನ್ನೂ 13 ಒಂಟಿಯಾಗಿ ಉಳೀತಾವೆ. ಅವು ಯಾವ ಪಾಲಿಗೆ ಹೋಗ್ತವೋ ಲೆಕ್ಕ ಇಲ್ಲ. ಪರಾಗ ಹೆಚ್ಚುಕಮ್ಮಿ ಎಲ್ಲ ಜೊಳ್ಳು. ಮದುವೆ ಆಯ್ತು, ಮೊಮ್ಮಕ್ಕಳಿಲ್ಲ.

ಆ ಒಂಟಿ 13 ಎಲ್ಲಿಂದ ಬಂದವು ಅನ್ನೋದೇ ಮುಂದಿನ ಪ್ರಶ್ನೆ. 1934ರಲ್ಲಿ ಸ್ಕೋವ್‌ಸ್ಟೆಡ್ ಅನ್ನೋ ವಿಜ್ಞಾನಿ ಅಮೆರಿಕದ ಹತ್ತಿಯ 26ರಲ್ಲಿ 13 ದೊಡ್ಡವು, 13 ಸಣ್ಣವು ಅಂತ ತೋರಿಸಿದ. ದೊಡ್ಡವು ನಮ್ಮ ಏಷ್ಯಾ-ಆಫ್ರಿಕಾದ ಹತ್ತಿಗೆ ಹೋಲ್ತವೆ. ಸಣ್ಣವು ಅಮೆರಿಕದ ಕಾಡುಹತ್ತಿಗೆ. ಅಂದ್ರೆ ವಿಲಾಯತಿ ಹತ್ತಿ ಒಂದು ಕೂಡುಕುಟುಂಬ! ಸುಮಾರು ಹತ್ತಿಪ್ಪತ್ತು ಲಕ್ಷ ವರ್ಷದ ಹಿಂದೆ ನಮ್ಮ ಜವಾರಿಯ ದಾಯಾದಿ ಹತ್ತಿಯೊಂದರ ಬೀಜ ಹೇಗೋ ಸಮುದ್ರ ದಾಟಿ ಅಮೆರಿಕ ಸೇರಿ, ಅಲ್ಲಿನ ಕಾಡುಹತ್ತಿಯ ಜೊತೆ ಕೂಡಿತು. ಹುಟ್ಟಿದ್ದು ಬಂಜೆ ಆಗಬೇಕಿತ್ತು. ಆದ್ರೆ ಅದರ ಕ್ರೋಮೋಸೋಮ್ ಸೆಟ್ಟು ಇಡಿಯಾಗಿ ಎರಡರಷ್ಟಾಯಿತು. ಒಂಟಿ ಇದ್ದ ಪ್ರತಿಯೊಂದಕ್ಕೂ ತನ್ನದೇ ಪ್ರತಿ ಜೋಡಿಯಾಗಿ ಸಿಕ್ತು. ಬಂಜೆತನ ಹೋಯ್ತು. ಜೊತೆಗೇ ಅಪ್ಪನ ಕಡೆಯವರ ಜೊತೆಗೂ ಅಮ್ಮನ ಕಡೆಯವರ ಜೊತೆಗೂ ಇನ್ನು ಕೂಡೋ ಹಂಗಿಲ್ಲ. ಹೊಸ ಪ್ರಭೇದ, ಹೆಚ್ಚುಕಮ್ಮಿ ಒಂದೇ ಏಟಿಗೆ.

ಇದು ಬರೀ ಊಹೆ ಅಲ್ಲ ಅಂತ 1940ರಲ್ಲಿ ಟೆಕ್ಸಾಸ್‌ನ ಬೀಸ್ಲಿ ಮಾಡಿ ತೋರಿಸಿದ. ಏಷ್ಯಾದ ಆರ್ಬೋರಿಯಂ ಹತ್ತಿಯನ್ನು ಅಮೆರಿಕದ ಕಾಡುಹತ್ತಿಯ ಜೊತೆ ಕೂಡಿಸಿ, ಆ ಬಂಜೆ ಗಿಡಕ್ಕೆ ಕಾಲ್ಚಿಸಿನ್ ಅನ್ನೋ ರಾಸಾಯನಿಕ ಹಚ್ಚಿ ಕ್ರೋಮೋಸೋಮ್ ದುಪ್ಪಟ್ಟು ಮಾಡಿದ. ಹುಟ್ಟಿದ ಗಿಡ ಅಮೆರಿಕದ ಬೆಳೆ ಹತ್ತಿಯ ಜೊತೆ ಕೂಡಿತು. ಲಕ್ಷಾಂತರ ವರ್ಷದ ಹಿಂದಿನ ಘಟನೆಯನ್ನು ಗಾಜಿನ ಮನೆಯಲ್ಲಿ ಮತ್ತೆ ನಡೆಸಿದಂಗಾಯಿತು. ಅಂದಹಾಗೆ ನಾವು ತಿನ್ನೋ ಶೇಂಗಾ ಕೂಡ ಹಿಂಗೇ, ದಕ್ಷಿಣ ಅಮೆರಿಕದ ಎರಡು ಕಾಡು ಶೇಂಗಾ ಕೂಡಿ ದುಪ್ಪಟ್ಟಾಗಿ ಹುಟ್ಟಿದ್ದು.

ಈಗ ಅಪ್ಪನ ಹೊಲಕ್ಕೆ ಬರೋಣ.

ಅಮೆರಿಕದ ಎರಡು ಪ್ರಭೇದ ಅಂದೆನಲ್ಲ, ಹಿರ್ಸುಟಮ್ ಮತ್ತು ಬಾರ್ಬಡೆನ್ಸ್. ಎರಡಕ್ಕೂ 52 ಕ್ರೋಮೋಸೋಮ್. ಜೋಡಿಯ ಸಮಸ್ಯೆ ಇಲ್ಲ. ಹಿರ್ಸುಟಮ್ ಇಳುವರಿ ಜಾಸ್ತಿ. ಬಾರ್ಬಡೆನ್ಸ್ ಎಳೆ ರೇಷ್ಮೆ ಥರ ಉದ್ದ, ಈಜಿಪ್ಟ್ ಹತ್ತಿ ಅಂತೀವಲ್ಲ ಅದು. 1970ರಲ್ಲಿ ಸೂರತ್‌ನಲ್ಲಿ ಸಿ. ಟಿ. ಪಟೇಲ್ ಎಚ್-4 ಅನ್ನೋ ಹೈಬ್ರಿಡ್ ಹತ್ತಿ ಹೊರತಂದ್ರು, ಅದು ಹಿರ್ಸುಟಮ್ ಒಳಗಿನದೇ ಎರಡು ತಳಿಗಳದ್ದು. ಎರಡೇ ವರ್ಷಕ್ಕೆ, 1972ರಲ್ಲಿ, ಧಾರವಾಡದಲ್ಲಿ ಬಿ. ಎಚ್. ಕಟರ್ಕಿ ಅವರು ಒಂದು ಹೆಜ್ಜೆ ಮುಂದೆ ಹೋದ್ರು. ಹಿರ್ಸುಟಮ್‌ನ 'ಲಕ್ಷ್ಮಿ' ತಳಿ, ಬಾರ್ಬಡೆನ್ಸ್‌ನ ಎಸ್‌ಬಿ-289ಇ, ಎರಡನ್ನೂ ಕೂಡಿಸಿ 'ವರಲಕ್ಷ್ಮಿ'. ಎರಡು ಪ್ರಭೇದಗಳ ನಡುವಿನ ಹೈಬ್ರಿಡ್ ಹತ್ತಿ ರೈತರ ಹೊಲಕ್ಕೆ ಬಂದದ್ದು ನಮ್ಮ ಕರ್ನಾಟಕದಿಂದ. ಅದರ ತಂಗಿಯೇ 1981ರ ಡಿಸಿಎಚ್-32, ಜಯಲಕ್ಷ್ಮಿ ಅಂತಲೂ ಕರೀತಾರೆ.

ಇದರ ಬೀಜ ಮಾಡೋದು ಕೈಕೆಲಸ. ಸಂಜೆ ಹೊತ್ತು ನಾಳೆ ಅರಳೋ ಮೊಗ್ಗು ಹುಡುಕಿ, ಉಗುರಿನಿಂದ ಸುತ್ತ ಸೀಳಿ, ಪರಾಗದ ಕೇಸರ ಎಲ್ಲ ತೆಗೀಬೇಕು. ಬೆಳಗ್ಗೆ ಇನ್ನೊಂದರ ಹೂ ತಂದು ಒಂದೊಂದಕ್ಕೂ ಮುಟ್ಟಿಸಬೇಕು. ಕ್ರಾಸಿಂಗ್ ಕೆಲಸ ಅಂತಾರೆ. ಹೆಂಗಸರು, ಹುಡುಗಿಯರು ಹೊಲದಲ್ಲಿ ಬೆನ್ನು ಬಗ್ಗಿಸಿ ಮಾಡಿದ್ದು. ಎರಡು ಪ್ರಭೇದಗಳ ನಡುವಿನ ಗೋಡೆಯನ್ನು ದಿನಗೂಲಿಗೆ ಹಾರಿಸಿದವರು ಅವರು. ಯಾವ ಪುಸ್ತಕದಲ್ಲೂ ಅವರ ಹೆಸರು ಇರಲ್ಲ.

ಆ ಮೊದಲ ಪೀಳಿಗೆ ಗಿಡ ಅಪ್ಪ-ಅಮ್ಮ ಇಬ್ಬರನ್ನೂ ಮೀರಿಸುತ್ತೆ. ಅದರ ಬೀಜ ಬಿತ್ತಿದ್ರೆ ಕುಸಿಯುತ್ತೆ. ಯಾಕೆ? ನನ್ನ ಭಾಷೆಯಲ್ಲಿ ಹೇಳ್ತೀನಿ. ಅಣ್ತಮ್ಮಂದಿರು ಪಾಲಾಗಿ ಎರಡು ಅಂಗಡಿ ಇಟ್ಟರು ಅನ್ಕೊಳ್ಳಿ. ಶುರುವಿಗೆ ಖಾತೆ ಪುಸ್ತಕ ಒಂದೇ ನಮೂನೆ. ವರ್ಷಗಳು ಉರುಳಿದಂಗೆ ಅಣ್ಣ ತನ್ನ ಪುಸ್ತಕದಲ್ಲಿ 7ನೇ ಪುಟದ ಪದ್ಧತಿ ಬದಲಿಸಿದ, ಉಳಿದ ಪುಟಗಳನ್ನು ಅದಕ್ಕೆ ತಕ್ಕಂಗೆ ಸರಿಮಾಡಿಕೊಂಡ. ತಮ್ಮ 12ನೇ ಪುಟ ಬದಲಿಸಿದ, ಅವನೂ ಹಂಗೇ. ಎರಡೂ ಪುಸ್ತಕ ತಮ್ಮತಮ್ಮಲ್ಲಿ ತಾಳೆಯಾಗ್ತವೆ. ಮೊದಲ ಪೀಳಿಗೆ ಮಿಶ್ರತಳಿಯ ಹತ್ತಿರ ಎರಡೂ ಪುಸ್ತಕ ಇಡಿಯಾಗಿವೆ, ವ್ಯಾಪಾರ ಜೋರು. ಎರಡನೇ ಪೀಳಿಗೆಯಲ್ಲಿ ಪುಟಗಳು ಕಲಸಿ ಹಂಚಿಹೋಗ್ತವೆ. ಒಂದು ಗಿಡಕ್ಕೆ ಅಣ್ಣನ 7ನೇ ಪುಟವೂ ತಮ್ಮನ 12ನೇ ಪುಟವೂ ಸಿಕ್ತು, ಹೊಂದಿಸುವ ಪುಟಗಳು ಸಿಗಲಿಲ್ಲ. ಎರಡೂ ಒಳ್ಳೇ ಪುಟಗಳೇ. ಆದ್ರೆ ಅವು ಒಂದೇ ಪುಸ್ತಕದಲ್ಲಿ ಯಾವತ್ತೂ ಜೊತೆಗೆ ಕೆಲಸ ಮಾಡಿಲ್ಲ. ಲೆಕ್ಕ ತಾಳೆಯಾಗಲ್ಲ.

ಇದನ್ನೇ ತಂಗಿಯ ಸಿಲೆಬಸ್ಸಲ್ಲಿ ಡೋಬ್‌ಝಾನ್‌ಸ್ಕಿ-ಮುಲ್ಲರ್ ಹೊಂದಾಣಿಕೆಯ ಕೊರತೆ ಅಂತಾರೆ. ಡೋಬ್‌ಝಾನ್‌ಸ್ಕಿಯ ಪುಸ್ತಕ ಬಂದಿದ್ದು 1937ರಲ್ಲಿ, ಮುಲ್ಲರ್ ಬರೆದಿದ್ದು 1942ರಲ್ಲಿ. ಅದಕ್ಕೂ ಮುಂಚೆ 1936ರಲ್ಲಿ ಹಾರ್ಲೆಂಡ್ ಅನ್ನೋ ಹತ್ತಿ ವಿಜ್ಞಾನಿ, ಟ್ರಿನಿಡಾಡ್‌ನಲ್ಲಿ ಇದೇ ಎರಡು ಪ್ರಭೇದ ಕೂಡಿಸಿ ನೋಡಿದವನು, ಪ್ರಭೇದ ಅಂದ್ರೇನು ಅನ್ನೋದನ್ನು ಜೀನ್‌ಗಳ ಲೆಕ್ಕದಲ್ಲಿ ಬರೆದಿದ್ದ. ಪ್ರಭೇದಗಳ ವ್ಯತ್ಯಾಸ ಒಂದು ದೊಡ್ಡ ಜೀನ್‌ನಲ್ಲಿಲ್ಲ, ಒಂದಕ್ಕೊಂದು ಹೊಂದಿಕೊಂಡ ನೂರಾರು ಸಣ್ಣಪುಟ್ಟವುಗಳಲ್ಲಿದೆ ಅನ್ನೋದು ಅವನ ವಾದದ ತಿರುಳು.

ಹಂಗಾದ್ರೆ ಊರಿನವರು ಹೇಳಿದ ಆ 'ಬೀಜದೊಳಗೆ ಇಟ್ಟದ್ದು'? ಅದಕ್ಕೂ ಒಂದು ಚರಿತ್ರೆ ಇದೆ, ನಗೋ ವಿಷಯ ಅಲ್ಲ. 1998ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಒಂದು ಪೇಟೆಂಟ್ ಸಿಕ್ತು, ಬೆಳೆದ ಬೀಜ ಮತ್ತೆ ಮೊಳೆಯದಂತೆ ಮಾಡೋ ತಂತ್ರಜ್ಞಾನಕ್ಕೆ. ಜನ ಅದನ್ನ ಟರ್ಮಿನೇಟರ್ ಅಂದ್ರು. ಅದೇ ವರ್ಷ ನವೆಂಬರ್ ಕೊನೆಗೆ ಪ್ರೊಫೆಸರ್ ಎಂ. ಡಿ. ನಂಜುಂಡಸ್ವಾಮಿಯವರ ರೈತ ಸಂಘ ನಮ್ಮ ಪಕ್ಕದ ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟಿತು. ಬಿಟಿ ಬೇರೆ, ಟರ್ಮಿನೇಟರ್ ಬೇರೆ. ಆದ್ರೆ ಆ ಗದ್ದಲದಲ್ಲಿ ಎರಡೂ ಒಂದೇ ಅಂತ ಊರೂರಿಗೆ ಸುದ್ದಿ ಹಬ್ಬಿತು. ಟರ್ಮಿನೇಟರ್ ಬೀಜ ಯಾವ ದೇಶದಲ್ಲೂ ಮಾರಾಟಕ್ಕೆ ಬರಲೇ ಇಲ್ಲ. ಬೀಜ ಯಾರ ಕೈಯಲ್ಲಿರಬೇಕು ಅನ್ನೋ ಸಂಘದ ಪ್ರಶ್ನೆ ಮಾತ್ರ ಇವತ್ತಿಗೂ ಹಂಗೇ ಇದೆ ಅನ್ನೋದು ನನ್ನ ಅಭಿಪ್ರಾಯ. ಹೈಬ್ರಿಡ್ ಅಂದ್ರೇನೇ ಪ್ರತಿ ವರ್ಷ ಅಂಗಡಿಗೆ ಹೋಗೋದು. ಅದಕ್ಕೆ ಟರ್ಮಿನೇಟರ್ ಬೇಕಾಗಿಯೇ ಇರಲಿಲ್ಲ.

ಒಂದು ತಿದ್ದುಪಡಿ ಇಲ್ಲೇ ಹಾಕಿಬಿಡ್ತೀನಿ, ಕಾಮೆಂಟಲ್ಲಿ ಬೈಬೇಡಿ. ಇವತ್ತು ಅಂಗಡೀಲಿ ಸಿಗೋ ಬಿಟಿ ಹತ್ತಿ ಬಹುಪಾಲು ಹಿರ್ಸುಟಮ್ ಒಳಗಿನ ಹೈಬ್ರಿಡ್. ಅದರ ಬೀಜ ತಿರುಗಿ ಬಿತ್ತಿದ್ರೂ ಇಳುವರಿ ಇಳಿಯುತ್ತೆ, ಗಿಡಗಳು ಏರುಪೇರಾಗ್ತವೆ, ಆದ್ರೆ ಡಿಸಿಎಚ್ ಥರ ಪುಟಗಳೇ ತಾಳೆಯಾಗದ ಕುಸಿತ ಅಲ್ಲ ಅದು. ಅಪ್ಪನ ಹೊಲದಲ್ಲಿ ಆಗಿದ್ದು ಎರಡು ಪ್ರಭೇದಗಳ ಜಗಳ.

ಕಾಲೇಜಿನ ಮಕ್ಕಳಿಗೆ ಇದನ್ನೆಲ್ಲ ಪ್ರಯೋಗಾಲಯದಲ್ಲೂ ತೋರಿಸಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ. ಆರ್. ರಾಜಶೇಖರ ಶೆಟ್ಟಿ ಅವರ ಕಾಲದಿಂದ ಡ್ರಾಸೊಫಿಲಾ ನೊಣಗಳ ಮೇಲೆ ಕೆಲಸ ನಡೆದಿದೆ. ಬಾಳೆಹಣ್ಣಿನ ಮೇಲೆ ಕೂರೋ ಆ ಪುಟ್ಟ ನೊಣ. ನಸೂಟಾ ಅನ್ನೋದಕ್ಕೆ 8 ಕ್ರೋಮೋಸೋಮ್, ಅದರ ಹತ್ತಿರದ ಸಂಬಂಧಿ ಅಲ್ಬೊಮಿಕನ್ಸ್‌ಗೆ 6. ಎಚ್. ಎ. ರಂಗನಾಥ್, ಎನ್. ಬಿ. ರಾಮಚಂದ್ರ ಎರಡನ್ನೂ ಕೂಡಿಸಿ ಪೀಳಿಗೆ ಮೇಲೆ ಪೀಳಿಗೆ ಸಾಕಿದ್ರು. ಬಾಟಲಿಯೊಳಗೆ ಅಪ್ಪನದೂ ಅಲ್ಲದ ಅಮ್ಮನದೂ ಅಲ್ಲದ ಹೊಸ ಕ್ರೋಮೋಸೋಮ್ ಜೋಡಣೆಯ ವಂಶಗಳು ನೆಲೆನಿಂತವು. ಒಂದರಲ್ಲಿ ಗಂಡಿಗೆ 7, ಹೆಣ್ಣಿಗೆ 6. 1986ರಲ್ಲಿ ಅದು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬಂತು. ಹತ್ತಿಯ ಹಂಗಲ್ಲ ಇದು, ಇಲ್ಲಿ ಕೂಡಿದ್ದು ಕುಸಿಯದೆ ಹೊಸ ದಾರಿ ಹಿಡಿಯಿತು. ಎರಡು ಕಥೆಯನ್ನೂ ಒಂದೇ ತರಗತಿಯಲ್ಲಿ ಹೇಳಿದ್ರೆ ಚರ್ಚೆ ಬಿಸಿಯಾಗುತ್ತೆ.

ಇಷ್ಟೂ ಅಪ್ಪನಿಗೆ ಹೇಳಿದೆ, ಖಾತೆ ಪುಸ್ತಕದ ಉದಾಹರಣೆ ಸಮೇತ. ಪೂರ್ತಿ ಕೇಳಿಸಿಕೊಂಡ್ರು. "ಹಂಗಂದ್ರೆ ಯಾರೂ ಏನೂ ಇಟ್ಟಿರಲಿಲ್ಲ?" "ಇಲ್ಲಪ್ಪ." "ಮತ್ತೆ ಪ್ಯಾಕೆಟ್ ಮೇಲೆ ಒಂದು ಸಾಲು ಕನ್ನಡದಾಗೆ ಬರೆದಿದ್ರೆ ಏನ್ ಹೋಗ್ತಿತ್ತು ಅವರ ಗಂಟು? ತಿರುಗಿ ಬಿತ್ತಬ್ಯಾಡ್ರಿ, ಇಂಥಾ ಕಾರಣ ಅಂತ." ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ್ರು, "ನಮ್ ಜವಾರಿ ಬೀಜ ಈಗ ಎಲ್ಲಾರ ಸಿಗ್ತತೇನು?" ಧಾರವಾಡದಲ್ಲಿ ಮಾಡಿದ 'ಜಯಧರ' ಹರ್ಬೇಸಿಯಂ ಬಗ್ಗೆ ಹೇಳಿದೆ. ಬೀಜ ಇಟ್ಟುಕೊಂಡು ತಿರುಗಿ ಬಿತ್ತಬಹುದು ಅಂದೆ. "ಎಳೆ ಗಿಡ್ಡ ಅಲ್ಲ?" ಅಂದ್ರು. ಹೌದು, ಗಿಡ್ಡ.

ತಂಗಿ ಮಾತ್ರ ಫಿಂಚ್ ಹಕ್ಕಿ ಬಿಟ್ಟು ಹತ್ತಿ ಬರೀತೀನಿ ಅಂತ ಹಠ ಹಿಡಿದಳು. ಮೇಷ್ಟ್ರನ್ನ ಕೇಳಿದಳಂತೆ, ಅಂಕ ಕಟ್ ಮಾಡ್ತೀರಾ ಸರ್ ಅಂತ. "ಬರಿಯಮ್ಮ, ಆದ್ರೆ ಡೋಬ್‌ಝಾನ್‌ಸ್ಕಿ ಸ್ಪೆಲ್ಲಿಂಗ್ ತಪ್ಪಿದ್ರೆ ಅರ್ಧ ಅಂಕ ಹೋಯ್ತು" ಅಂದ್ರಂತೆ. ಪರೀಕ್ಷೆ ಬರೋ ಗುರುವಾರ.